ದೋಣಿಯಂತೆ ಕಟ್ಟಿದ ಟೆಂಟು

ಸಂಜೆ ಐದು ಗಂಟೆ ನಲವತ್ತು ನಿಮಿಷ. ಆರಕ್ಕೆ ಮೊದಲ ಹಾಡು ಶುರುವಾಗಬೇಕಿತ್ತು, ಅದಕ್ಕೇ ಚಹಾದ ಎರಡು ಕಾಗದದ ಲೋಟಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಸಮಯ ನೋಡಿದ್ದೆ. ಹಾಗಾಗಿ ನಿಮಿಷ ಸಮೇತ ನೆನಪಿದೆ. ಫೋನನ್ನು ಚೀಲಕ್ಕೆ ಹಾಕುವಷ್ಟರಲ್ಲಿ ತಣ್ಣನೆಯ ಗಾಳಿಯೊಂದು ನನ್ನ ಕುತ್ತಿಗೆಯ ಹಿಂಬದಿಗೆ ತಾಗಿತು. ಮೇ ತಿಂಗಳಲ್ಲಿ, ಬೈಂದೂರು ಕಡೆಯ ಕಡಲತೀರದಲ್ಲಿ, ಕಡಲಿಗೆ ಮುಖ ಮಾಡಿ ನಿಂತವಳಿಗೆ ಆ ಹೊತ್ತಿನ ಗಾಳಿ ಮುಖಕ್ಕೆ ಬರಬೇಕು. ಬೆನ್ನಿಗೆ ಬಂದರೆ ಏನೋ ತಪ್ಪಿದೆ ಎಂದರ್ಥ. ನನಗೆ ಅದು ಹೊಳೆಯಿತು. ಆದರೆ ತಿರುಗಿ ನೋಡುವ ಬದಲು ಲೋಟದ ಚಹಾ ಚೆಲ್ಲದಂತೆ ಅಂಗೈ ಅಡ್ಡ ಹಿಡಿದೆ.

ನಲವತ್ತು ಹೆಜ್ಜೆ ಮುಂದೆ ನಮ್ಮ ಟೆಂಟಿತ್ತು. ಅದರೊಳಗೆ ನನ್ನ ತಂಗಿ ಬಟ್ಟೆ ಬದಲಿಸುತ್ತಿದ್ದಳು.

ಆ ಟೆಂಟನ್ನು ಆರಿಸಿದವಳು ನಾನು. ಕಡಲತೀರದಲ್ಲಿ ಸಂಗೀತೋತ್ಸವ ಎಂದರೆ ಸುತ್ತಮುತ್ತಲಿನ ಲಾಡ್ಜುಗಳ ಬಾಡಿಗೆ ಒಮ್ಮೆಗೇ ಏರಿಬಿಡುತ್ತದೆ. ಕುಂದಾಪುರಕ್ಕೆ ಕೊನೆಯ ಬಸ್ಸು ಹೊರಡುವ ಹೊತ್ತಿಗೆ ವೇದಿಕೆಯ ಮೇಲೆ ಒಳ್ಳೆಯವರು ಹಾಡಲು ಶುರುಮಾಡಿರುವುದೂ ಇಲ್ಲ. ಸ್ವಂತ ಟೆಂಟು ತಂದವರಿಗೆ ಮಾತ್ರ ಅಲ್ಲೇ ಜಾಗ ಕೊಡುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಡಿಗ್ರಿಯ ಕೊನೆಯ ವರ್ಷದಲ್ಲಿದ್ದ ತಂಗಿ, ಇಬ್ಬರೂ ಸೇರಿ ಮೂರು ವಾರ ಫೋನಿನಲ್ಲಿ ಟೆಂಟುಗಳನ್ನು ನೋಡಿದೆವು. ನೋಡಿದ್ದಾದರೂ ಏನನ್ನು? ಮಳೆ ಸೋರುತ್ತದೋ ಇಲ್ಲವೋ ಎಂಬುದನ್ನು. ನಮ್ಮ ಊರಿನವರಿಗೆ ತಲೆಯ ಮೇಲಿನ ಹೊದಿಕೆ ಎಂದರೆ ಅದೊಂದೇ ಪ್ರಶ್ನೆ. ಎರಡು ಬಾಗಿಲಿನದ್ದಕ್ಕೆ ಬೆಲೆ ಜಾಸ್ತಿಯಿತ್ತು. ಬಾಗಿಲು ಹೆಚ್ಚಿದ್ದಷ್ಟೂ ಹೊಲಿಗೆ ಹೆಚ್ಚು, ಹೊಲಿಗೆ ಹೆಚ್ಚಿದ್ದಷ್ಟೂ ಸೋರುವುದು ಹೆಚ್ಚು ಎಂದು ನಾನೇ ತರ್ಕ ಮಾಡಿ ಒಂದೇ ಬಾಗಿಲಿನದ್ದನ್ನು ತರಿಸಿದೆ. ಅಂಗಳದಲ್ಲಿ ಅದನ್ನು ನಿಲ್ಲಿಸಿ, ತಂಗಿಯನ್ನು ಒಳಗೆ ಕೂರಿಸಿ, ಅಮ್ಮ ಎರಡು ಕೊಡ ನೀರು ಮೇಲಿನಿಂದ ಹೊಯ್ದರು. ಒಂದು ಹನಿಯೂ ಒಳಗೆ ಬೀಳಲಿಲ್ಲ. ಪರೀಕ್ಷೆಯಲ್ಲಿ ಗೆದ್ದವಳ ಹಾಗೆ ನಾನು ಬೀಗಿದೆ.

ಉತ್ಸವದ ದಿನ ಟೆಂಟು ಕಟ್ಟಿಕೊಡಲು ಅಪ್ಪ ನಮ್ಮ ಜೊತೆ ಬಸ್ಸಿನಲ್ಲಿ ಬಂದಿದ್ದರು. ಅವರು ಸಣ್ಣ ದೋಣಿಯವರು, ಇಂಜಿನ್ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುವವರು. ಟೆಂಟಿನ ಜೊತೆ ಬಂದಿದ್ದ ಗೂಟಗಳನ್ನು ಕಂಡು ಅವರಿಗೆ ನಗು. ತಲೆಗೆ ಸಿಕ್ಕಿಸುವ ಪಿನ್ನಿನ ಹಾಗಿವೆ ಎಂದರು. ಗೊಬ್ಬರದ ಎರಡು ಖಾಲಿ ಚೀಲಗಳಿಗೆ ಮರಳು ತುಂಬಿ, ಕಡಲಬದಿಯಲ್ಲಿ ತೋಳುದ್ದ ಹೊಂಡ ತೆಗೆದು ಹುಗಿದು, ಅವುಗಳಿಂದ ಎರಡೆರಡು ಮಾರು ಉದ್ದದ ನೈಲಾನ್ ಹಗ್ಗ ಎಳೆದು ಟೆಂಟಿಗೆ ಬಿಗಿದರು. ನಾಲ್ಕು ಜನ ಎಳೆದರೂ ಅದು ಕದಲುವಂತಿರಲಿಲ್ಲ. ಬಾಗಿಲು ಬಂದದ್ದು ಮೂಡಣಕ್ಕೆ, ಗುಡ್ಡದ ಕಡೆಗೆ. ಆ ಬದಿಯ ಎರಡು ಮೂಲೆಗೆ ಆ ಪಿನ್ನಿನಂಥ ಗೂಟಗಳನ್ನೇ ಚುಚ್ಚಿದರು. ಇಲ್ಲಿಗೂ ಚೀಲ ಹುಗಿಯುವುದು ಬೇಡವೇ ಎಂದು ನಾನು ಕೇಳಿದೆ.

"ಗಾಳಿ ಬಪ್ಪುದ್ ಪಡುಬದಿಂದ. ಮೂಡುಬದಿ ಎಂತದೂ ಆತಿಲ್ಲ ಹೆಣೆ," ಎಂದು ಅಪ್ಪ ಕೈಯ ಮರಳು ಕೊಡವಿಕೊಂಡರು.

ಅವರು ಕಟ್ಟಿದ್ದು ದೋಣಿಯನ್ನು. ಲಂಗರನ್ನು ಮೂತಿಗೆ, ಒಂದೇ ಕಡೆ ಹಾಕಿದರೆ ಸಾಕು; ಗಾಳಿ ಯಾವ ಕಡೆಯಿಂದ ಬಂದರೂ ದೋಣಿ ತಾನೇ ತಿರುಗಿ ಅದಕ್ಕೆ ಮೂತಿ ಕೊಟ್ಟು ನಿಲ್ಲುತ್ತದೆ. ಐವತ್ತೈದು ವರ್ಷದ ಅವರ ಕೈಗಳಿಗೆ ಗೊತ್ತಿದ್ದದ್ದು ಅದು, ಮತ್ತು ಆ ಕೈಗಳು ಇವತ್ತಿನವರೆಗೂ ಕಡಲಿನಲ್ಲಿ ತಪ್ಪಿಲ್ಲ. ಆದರೆ ಟೆಂಟು ತಿರುಗುವುದಿಲ್ಲ. ಭೌತಶಾಸ್ತ್ರ ಓದಿದ ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಒಮ್ಮೆ ಕೇಳಿ ಸುಮ್ಮನಾದೆ. ಅಪ್ಪ ಮೂರು ಗಂಟೆಯ ಬಸ್ಸಿಗೆ ಮನೆಗೆ ಹೋದರು.

ಮುಂಗಾರಿಗೆ ಮೊದಲಿನ ಗುಡುಗು ಮಳೆ ಬರುವುದು ಘಟ್ಟದ ಕಡೆಯಿಂದ, ಸಂಜೆ ಹೊತ್ತಿಗೆ. ಇದು ಘಟ್ಟದ ಬುಡದ ಸಿದ್ದಾಪುರದ ಗದ್ದೆಯವರಿಗೆ ಗೊತ್ತು, ನನ್ನ ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು. ಅಂದು ಅಪ್ಪನೂ ನಾನೂ ಕಡಲನ್ನೇ ನೋಡುತ್ತಿದ್ದೆವು.

ಗಾಳಿ ಟೆಂಟಿನ ಬಾಗಿಲಿನೊಳಗೆ ಹೊಕ್ಕಿತು. ತಂಗಿ ಸೆಖೆಗೆಂದು ಜಿಪ್ಪನ್ನು ಒಂದು ಗೇಣು ತೆರೆದಿಟ್ಟಿದ್ದಳಂತೆ. ಟೆಂಟು ಉಬ್ಬಿ ದುಂಡಗಾದದ್ದನ್ನು ನಾನು ನೋಡಿದೆ. ಮೂಡಣದ ಎರಡು ಗೂಟಗಳು ಸದ್ದೇ ಇಲ್ಲದೆ ಎದ್ದು ಬಂದವು. ಪಡುವಣದ ಹಗ್ಗಗಳು ಬಿಗಿಯಾಗಿದ್ದವು. ಅವುಗಳ ಮೇಲೆ ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಇಡೀ ಟೆಂಟು ಮಗುಚಿ, ಹುಗಿದ ಚೀಲಗಳ ಮೇಲಿಂದ ಹಾರಿ, ಹಗ್ಗದ ಉದ್ದಕ್ಕೂ ಹೋಗಿ, ಏರುತ್ತಿದ್ದ ಕಡಲಿನ ನೊರೆಯಲ್ಲಿ ತಲೆಕೆಳಗಾಗಿ ಬಿತ್ತು. ಒಳಗಿನಿಂದ ತಂಗಿಯ ಕಾಲು ಬಟ್ಟೆಯನ್ನು ಒದೆಯುವುದು ಕಾಣುತ್ತಿತ್ತು.

ನಾನು ಓಡಿದೆ. ಜಿಪ್ಪು ಹುಡುಕಿದೆ. ಕೈಗೆ ಸಿಕ್ಕಿದ್ದೆಲ್ಲ ದಪ್ಪ ಪ್ಲಾಸ್ಟಿಕ್. ನೆಲವಾಗಿದ್ದದ್ದು ಈಗ ಮೇಲಿತ್ತು, ಬಾಗಿಲು ಮರಳಿನಡಿ ಸೇರಿತ್ತು. ಒಂದು ತೆರೆ ಬಂದು ಒಳಗೆ ನುಗ್ಗಿತು. ಮೂರು ವಾರ ಕೂತು ಆರಿಸಿದ, ಎರಡು ಕೊಡ ನೀರಿಗೂ ಸೋರದ ಆ ಬಟ್ಟೆ ಒಳಗೆ ಹೋದ ನೀರನ್ನು ಹೊರಗೆ ಬಿಡಲಿಲ್ಲ. ತಂಗಿಯ ಮುಖದ ಆಕಾರ ಬಟ್ಟೆಯ ಮೇಲೆ ಮೂಡಿತು, ಬಾಯಿ ತೆರೆದಿತ್ತು. ಅದನ್ನು ನಾನು ಕೈಯಿಂದ ಮುಟ್ಟಿದೆ. ಆಮೇಲೆ ಅಪ್ಪನ ಗಂಟು ಬಿಚ್ಚಲು ಹೋದೆ. ಟೆಂಟನ್ನು ಮೇಲಕ್ಕೆ ಎಳೆಯಬೇಕಾದರೆ ಹಗ್ಗ ಸಡಿಲವಾಗಬೇಕು ಎಂದು ನನ್ನ ತಲೆ ಹೇಳಿತ್ತು. ಒದ್ದೆಯಾಗಿ ಬಿಗಿದ ನೈಲಾನ್ ಗಂಟನ್ನು ಉಗುರಿನಲ್ಲಿ ಬಿಚ್ಚಲಾಗದು ಎಂದು ಅದೇ ತಲೆ ಹೇಳಲಿಲ್ಲ.

ಪಕ್ಕದ ಚಪ್ಪರದಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜ ಒಬ್ಬರು ಓಡಿ ಬಂದರು. "ಹ್ವಾಯ್, ಗಂಟ್ ಬಿಡ್. ವಸ್ತ್ರ ಕೊಯ್ಕ್, ವಸ್ತ್ರ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಬಲೆ ಕೊಯ್ಯುವ ಚೂರಿಯಿಂದ ನೆಲದ ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಸೀಳಿದರು. ತಂಗಿ ನೀರಿನ ಜೊತೆ ಹೊರಗೆ ಬಂದಳು. ಮೊಣಕೈ ತರಚಿತ್ತು, ಕೆಮ್ಮಿ ಕೆಮ್ಮಿ ಉಪ್ಪುನೀರು ಕಾರಿದಳು. ಉಸಿರು ತಿರುಗಿದ ಮೇಲೆ ಅವಳು ಹೇಳಿದ ಮೊದಲ ಮಾತು, "ಅಕ್ಕಾ, ಚಾ ಎಲ್ಲ್?"

ಇದೆಲ್ಲ ಎರಡು ನಿಮಿಷವೋ, ಮೂರೋ. ಅದನ್ನು ನಾನು ಎಷ್ಟು ಸಲ ಮತ್ತೆ ನಡೆಸಿದ್ದೇನೆಂದರೆ, ಈಗ ಅದು ಒಂದು ಗಂಟೆಯಷ್ಟು ಉದ್ದವಾಗಿದೆ. ನಲವತ್ತು ಹೆಜ್ಜೆಗಳಲ್ಲಿ ಯಾವ ಹೆಜ್ಜೆಯಲ್ಲಿ ಲೋಟ ಬಿಸಾಡಿದೆ ಎಂದು ಹುಡುಕುತ್ತೇನೆ. ಬಟ್ಟೆಯ ಮೇಲೆ ಮೂಡಿದ ಮುಖವನ್ನು ಮುಟ್ಟುವ ಬದಲು ಹರಿಯಬೇಕಿತ್ತು, ಕಚ್ಚಿಯಾದರೂ ಹರಿಯಬೇಕಿತ್ತು. ಒಣಹಾಕಿದ ಚಾದರ ಗಾಳಿಗೆ ಉಬ್ಬಿದರೆ, ಆಟೋರಿಕ್ಷಾದ ಪಕ್ಕದ ಪರದೆ ಪಟಪಟ ಎಂದರೆ ನನ್ನ ಕೈಗಳು ತಾವಾಗಿಯೇ ಜಿಪ್ಪು ಹುಡುಕಲು ಮುಂದೆ ಹೋಗುತ್ತಿದ್ದವು. ನಿದ್ದೆ ಎರಡೆರಡು ಗಂಟೆಯ ತುಂಡುಗಳಾಯಿತು. ಕುಂದಾಪುರದ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ತೆಗೆದುಕೊಂಡರೆ ಎಚ್ಚರವಾಗುತ್ತಿರಲಿಲ್ಲ, ಆದರೆ ಕನಸಿನಲ್ಲಿ ಗಂಟು ಬಿಚ್ಚುತ್ತಲೇ ಇರುತ್ತಿದ್ದೆ. ಹತ್ತು ದಿನಕ್ಕೆ ಬಿಟ್ಟೆ. ತಂಗಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು. ಮುಳುಗಿದವಳು ಅವಳು, ನಿದ್ದೆ ಕಳೆದುಕೊಂಡವಳು ನಾನು.

ಹೇಳುವವರಿಗೆ ಏನು, ಸುಮ್ಮನಿರುತ್ತಾರೆಯೇ. ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬರು, ಅಗ್ಗದ್ದು ತೆಗೆದುಕೊಂಡರೆ ಹಾಗೇ ಆಗುವುದು ಎಂದರು. ನೆಂಟರೊಬ್ಬರು, ರೂಮು ಮಾಡಲು ಆಗದವರು ಮನೆಯಲ್ಲಿ ಯೂಟ್ಯೂಬಿನಲ್ಲಿ ಕೇಳಬಹುದಲ್ಲ ಎಂದರು. ಅವರಿಗೆ ಅಂದು ಉತ್ತರ ಕೊಡಲಿಲ್ಲ, ಇಲ್ಲಿ ಕೊಡುತ್ತೇನೆ. ಅಗ್ಗದ ಟೆಂಟು ತನಗೆ ಹೇಳಿದ್ದನ್ನು ಮಾಡಿತು. ಮಳೆ ಸೋರಬೇಡ ಎಂದಿದ್ದೆ, ಸೋರಲಿಲ್ಲ. ಗಾಳಿಯ ವಿಷಯ ನಾನು ಕೇಳಿರಲಿಲ್ಲ, ಬಾಗಿಲಿನ ವಿಷಯ ಕೇಳಿರಲಿಲ್ಲ. ಇದಕ್ಕಿಂತ ಹತ್ತುಪಟ್ಟು ಬೆಲೆಯದ್ದನ್ನು ಹಾಗೆ ಒಂದೇ ಬದಿಗೆ ಕಟ್ಟಿದ್ದರೂ ಅದು ಮಗುಚುತ್ತಿತ್ತು, ಇನ್ನೂ ಗಟ್ಟಿಯಾದ ಪ್ಲಾಸ್ಟಿಕ್ ಆದ್ದರಿಂದ ಆ ಅಜ್ಜನ ಚೂರಿಗೂ ಬೇಗ ಸೀಳುತ್ತಿರಲಿಲ್ಲ. ತಪ್ಪು ನನ್ನ ಕಿಸೆಯದ್ದಲ್ಲ. ತಪ್ಪು ನಾನು ಕೇಳದೇ ಬಿಟ್ಟ ಪ್ರಶ್ನೆಯದ್ದು. ಅದನ್ನು ಒಪ್ಪಿಕೊಳ್ಳುತ್ತೇನೆ, ಮನೆಯಲ್ಲಿ ಕೂರುವುದನ್ನು ಒಪ್ಪಿಕೊಳ್ಳುವುದಿಲ್ಲ.

ಅಪ್ಪ ಆ ವಿಷಯ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ ಊಟದ ನಡುವೆ, ಹಗ್ಗ ಇಲ್ಲದಿದ್ದರೆ ಟೆಂಟು ಸೀದಾ ಕಡಲಿಗೇ ಹೋಗುತ್ತಿತ್ತು ಎಂದರು. ಅದೂ ನಿಜ. ನಾನು ತಲೆಯಾಡಿಸಿದೆ. ಆಮೇಲೆ ಅವರ ತಟ್ಟೆಗೆ ಇನ್ನೊಂದು ಮೀನು ಬಡಿಸಿದೆ.

ಮರುವರ್ಷ ಫೆಬ್ರವರಿಯಲ್ಲಿ ತಂಗಿ ಫೋನ್ ಹಿಡಿದುಕೊಂಡು ಬಂದಳು. ಅವಳು ಹಾಡುತ್ತಾಳೆ, ಕಾಲೇಜಿನಲ್ಲಿ, ಮದುವೆಮನೆಗಳಲ್ಲಿ, ಬಟ್ಟೆ ಒಗೆಯುವಾಗ. ಬ್ರಹ್ಮಾವರ ಕಡೆಯ ಹೊಳೆದಡದ ಗದ್ದೆಯಲ್ಲಿ ಏಪ್ರಿಲ್‌ನಲ್ಲಿ ನಡೆಯುವ ಸಂಗೀತೋತ್ಸವಕ್ಕೆ ತನ್ನ ಹಾಡನ್ನು ಫೋನಿನಲ್ಲೇ ಮುದ್ರಿಸಿ, ನಮಗ್ಯಾರಿಗೂ ಹೇಳದೆ ಕಳಿಸಿದ್ದಳು. ಅವರು ಒಪ್ಪಿದ್ದರು. ಆದರೆ ಕೊಟ್ಟ ಹೊತ್ತು ಎರಡನೇ ದಿನ ಬೆಳಿಗ್ಗೆ ಆರು ಗಂಟೆ. ಹೆಸರು ಮಾಡಿದವರು ಯಾರೂ ಬೇಡವೆನ್ನುವ ಹೊತ್ತು. ಹಿಂದಿನ ಸಂಜೆಯೇ ಅಲ್ಲಿರಬೇಕು, ರೂಮುಗಳೆಲ್ಲ ದೊಡ್ಡ ಕಲಾವಿದರಿಗೆ, ಉಳಿದವರು ಟೆಂಟು ತರಬೇಕು. ಮೈಕಿನ ಮುಂದೆ, ಗುರುತಿಲ್ಲದ ಜನರ ಎದುರು, ಅರ್ಧ ಗಂಟೆ ಅವಳೊಬ್ಬಳೇ. ಅಂಥದ್ದು ಅವಳಿಗೆ ಹಿಂದೆ ಸಿಕ್ಕಿರಲಿಲ್ಲ, ಮತ್ತೆ ಸಿಗುತ್ತದೆಂದು ಯಾರೂ ಹೇಳುವಂತಿರಲಿಲ್ಲ.

ಅಮ್ಮ ಬೇಡ ಎಂದರು. ಅಪ್ಪ ಎದ್ದು ಹೊರಗೆ ಹೋದರು. ತಂಗಿ ನನ್ನನ್ನು ನೋಡಿದಳು. ನಾನು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಅದು ಅವಳಿಗೂ ಗೊತ್ತಿತ್ತು. ಹೂಂ ಎಂದೆ.

ಅಮ್ಮನ ಮನಸ್ಸು ತಿರುಗಿಸಿದ್ದು ನಾನಲ್ಲ, ಮೀನುಮಾರುಕಟ್ಟೆಗೆ ಬಂದ ಒಬ್ಬ ಗಿರಾಕಿ. ಅಮ್ಮ ಅಲ್ಲಿ ಮೂವತ್ತು ವರ್ಷದಿಂದ ಬುಟ್ಟಿ ಇಟ್ಟುಕೊಂಡು ಕೂರುವವರು. ಹೆಣ್ಣುಮಕ್ಕಳನ್ನು ಕಡಲತೀರದಲ್ಲಿ ಮಲಗಲು ಬಿಟ್ಟರೆ ಹಾಗೇ ಆಗುವುದು ಎಂದು ಆತ ಮೀನು ಆರಿಸುತ್ತಾ ಉಪದೇಶ ಮಾಡಿದನಂತೆ. ಅಮ್ಮ ಮನೆಗೆ ಬಂದು ಅದನ್ನು ಹೇಳಿದ್ದು ಹೀಗೆ: "ನಾ ಹೇಳ್ದೆ, ನನ್ನ ಸಾಕಿದ್ದೇ ಕಡ್ಲ್ ಕರೆ ಮಾರಾಯ್ರೆ, ನಿಮ್ಗ್ ಬಂಗ್ಡೆ ಬೇಕಾ ಬ್ಯಾಡ್ದಾ?" ಕಡಲ ದಡದಲ್ಲೇ ಬೆಳೆದವರಿಗೆ ಆ ಉಪದೇಶ ರುಚಿಸಿರಲಿಲ್ಲ. ಆಮೇಲೆ ಕೈಕಾಲು ತೊಳೆದು ಬಂದು, ಹೊಸ ಟೆಂಟಿನಲ್ಲಿ ತನಗೂ ಜಾಗ ಆಗುತ್ತದೋ ಎಂದು ಕೇಳಿದರು.

ಈ ಸಲ ಫೋನಿನಲ್ಲಿ ತರಿಸಲಿಲ್ಲ. ಕುಂದಾಪುರದಲ್ಲಿ ಟರ್ಪಾಲು, ರೇನ್‌ಕೋಟು, ಛತ್ರಿ ಮಾರುವ ಅಂಗಡಿಯೊಂದರಲ್ಲಿ ಪ್ರವಾಸಿಗರಿಗೆಂದು ನಾಲ್ಕೈದು ಟೆಂಟು ಇಟ್ಟಿದ್ದರು. ಅಂಗಡಿಯವರು ಮೊದಲು ತೋರಿಸಿದ್ದು ಮಳೆ ಸೋರದ್ದನ್ನೇ. ನಾನು ಕಟ್ಟು ಬಿಚ್ಚಿ ನಿಲ್ಲಿಸಬೇಕು ಎಂದೆ. ನಿಲ್ಲಿಸುವಷ್ಟು ಜಾಗ ಇಲ್ಲ ಎಂದರು. ಛತ್ರಿಗಳ ಸ್ಟ್ಯಾಂಡನ್ನು ನಾನು ಮತ್ತು ತಂಗಿ ಸೇರಿ ಸರಿಸಿದೆವು. ಮೂರು ಜನರದ್ದು ಎಂದು ಬರೆದಿದ್ದ ಟೆಂಟಿನೊಳಗೆ ಅಮ್ಮ ಸೀರೆ ಎತ್ತಿಕಟ್ಟಿ ನುಗ್ಗಿ ಕಾಲು ಚಾಚಿ ಮಲಗಿದರು. ಮೂರು ಜನರದ್ದೆಂದರೆ ಎರಡು ಜನರದ್ದು, ಅಥವಾ ಒಬ್ಬ ಅಮ್ಮ ಮತ್ತು ಒಂದು ಚೀಲದ್ದು. ನಾಲ್ಕು ಜನರದ್ದು ತೆಗೆಸಿದೆವು. ಅದಕ್ಕೆ ಎದುರುಬದುರು ಎರಡು ಬಾಗಿಲಿತ್ತು, ಬಣ್ಣ ತಿಳಿಬೂದಿ, ಮೇಲೆ ಬಲೆಯಂಥ ಗಾಳಿಕಿಂಡಿ, ಕೋಲುಗಳು ಫೈಬರಿನವು. ಹಳೆಯ ಸ್ಟಾಕು, ಚೀಲದ ದಾರ ಹರಿದಿದೆ, ಅದಕ್ಕೇ ಕಡಿಮೆ ಎಂದರು ಅಂಗಡಿಯವರು.

"ನಾನು ಒಳಗೆ ಹೋಗುತ್ತೇನೆ. ಎರಡೂ ಬಾಗಿಲು ಮುಚ್ಚಿ ಮಗುಚಿಹಾಕಿ," ಎಂದೆ.

"ಎಂತಕೆ ಮೇಡಂ?"

"ಒಳಗಿದ್ದವಳು ಹೊರಗೆ ಬರಲು ಆಗುತ್ತದೋ ನೋಡಬೇಕು."

ಅವರು ಅಮ್ಮನ ಮುಖ ನೋಡಿದರು. ಅಮ್ಮ ಬಳೆ ಮೇಲೆ ಸರಿಸಿ, "ಹಿಡಿನಿ ಒಂದ್ ಬದಿ, ನಾ ಇನ್ನೊಂದ್ ಬದಿ ಹಿಡಿತೆ," ಎಂದರು.

ಇಬ್ಬರೂ ಸೇರಿ ಮಗುಚಿದರು. ಆ ಬೂದು ಬೆಳಕಿನಲ್ಲಿ ಬಟ್ಟೆ ಮುಖಕ್ಕೆ ತಾಗಿತು, ಮೂಗಿನಲ್ಲಿ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಕೈ ಆಡಿಸಿದೆ, ಜಿಪ್ಪು ಸಿಗಲಿಲ್ಲ. ಅಂಗಡಿಯ ನಡುಮಧ್ಯೆ, ಹಗಲು ಹನ್ನೊಂದು ಗಂಟೆಗೆ, ಛತ್ರಿಗಳ ಪಕ್ಕದಲ್ಲಿ ನನಗೆ ಅಳು ಬಂತು. ಆಗ ಹೊರಗಿನಿಂದ ತಂಗಿ ಬಟ್ಟೆಯ ಮೇಲೆ ಅಂಗೈ ಇಟ್ಟಳು. ನಾನು ಅಂದು ಅವಳ ಮುಖದ ಮೇಲೆ ಇಟ್ಟ ಹಾಗೆಯೇ. ಆ ಕೈಯ ಪಕ್ಕದಲ್ಲೇ ಎರಡನೇ ಬಾಗಿಲಿನ ಹೊಲಿಗೆ ಸಿಕ್ಕಿತು. ಹೊರಗೆ ಬಂದಾಗ ಅಂಗಡಿಯವರು ಒಂದು ಲೋಟ ನೀರು ಹಿಡಿದು ನಿಂತಿದ್ದರು. ಇನ್ನು ಮೇಲೆ ಎಲ್ಲರಿಗೂ ಹೀಗೇ ತೋರಿಸಬೇಕಾದೀತೇನೋ ಎಂದು ಅವರು ಹೆದರಿದ್ದರು. ತೋರಿಸಿ ಎಂದೆ.

ಮನೆಗೆ ತಂದ ಮೇಲೆ ಎರಡೂ ಜಿಪ್ಪುಗಳಿಗೆ, ಒಳಗೂ ಹೊರಗೂ, ಕೆಂಪು ಬಲೆದಾರದಿಂದ ಬೆರಳು ತೂರುವಷ್ಟು ದೊಡ್ಡ ಕುಣಿಕೆ ಕಟ್ಟಿದೆ. ಒಂದು ಚೂರಿಯನ್ನು ಒರೆಯಲ್ಲಿ ಹಾಕಿ ಒಳಗಿನ ಜೇಬಿನಲ್ಲಿಟ್ಟೆ.

ಅಪ್ಪ ಬರುವುದಿಲ್ಲ ಎಂದರು. ಹೊರಡುವ ಹಿಂದಿನ ದಿನ ಅಂಗಳದಲ್ಲಿ ನಾಲ್ಕು ಹಗ್ಗಗಳು ಇದ್ದವು, ನಾಲ್ಕೂ ಒಂದೇ ಉದ್ದ, ಜೊತೆಗೆ ಮೊಳದುದ್ದದ ನಾಲ್ಕು ಕಬ್ಬಿಣದ ಗೂಟಗಳು. ಉದ್ದು ಕಿತ್ತ ಗದ್ದೆಯ ಮಣ್ಣು ಏಪ್ರಿಲ್‌ನಲ್ಲಿ ಕಲ್ಲಾಗಿರುತ್ತದೆ, ಅಲ್ಲಿ ಚೀಲ ಹುಗಿಯಲಾಗುವುದಿಲ್ಲ ಎಂದು ಯಾರನ್ನೋ ವಿಚಾರಿಸಿಕೊಂಡು ಬಂದಿದ್ದರು. ನನ್ನನ್ನು ಕರೆದು ಒಂದು ಗಂಟು ತೋರಿಸಿದರು. ಜಗ್ಗಿದಷ್ಟೂ ಬಿಗಿಯುತ್ತದೆ, ತುದಿ ಹಿಡಿದು ಒಮ್ಮೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನಾನು ಕಟ್ಟಿದೆ. ಮತ್ತೆ ಕಟ್ಟು ಎಂದರು. ಹಗ್ಗವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಮತ್ತೆ ಕಟ್ಟಿಸಿದರು.

"ಈಗ ಕಣ್ಣ್ ಮುಚ್ಚ್ಕಂಡ್ ಬಿಚ್ಚ್," ಎಂದರು.

ಬಿಚ್ಚಿದೆ. ಅವರು ಹಗ್ಗ ಸುತ್ತಿ ಚೀಲಕ್ಕೆ ಹಾಕಿದರು. "ನಾಲ್ಕ್ ಬದಿಗೂ ಕಟ್ಟ್ ಹೆಣೆ. ನಾ ಹೇಳ್ರೂ ಕೇಂಬುಕಾಗ," ಎಂದರು. ತಾನೇ ಬೇಡವೆಂದರೂ ನಾನು ಕೇಳಬಾರದಂತೆ.

ಸಾಸ್ತಾನದ ಟೋಲು ದಾಟಿ ಬಸ್ಸು ಹೋಗುವಾಗ ಅಮ್ಮ ಬುಟ್ಟಿಯಿಂದ ಕೊಬ್ಬರಿ ಮಿಠಾಯಿ ತೆಗೆದು ಹಂಚಿದರು. ಗದ್ದೆಯಲ್ಲಿ ಮೂವತ್ತು ನಲವತ್ತು ಟೆಂಟುಗಳಿದ್ದವು, ಎಲ್ಲವೂ ನಮ್ಮದಕ್ಕಿಂತ ಚೆಂದದವು. ಆದರೆ ಕಬ್ಬಿಣದ ಗೂಟ ನಮ್ಮದಕ್ಕೆ ಮಾತ್ರ. ನಾನು ಪಕ್ಕದವರಿಂದ ಸುತ್ತಿಗೆ ಕೇಳಿ ತಂದು ನಾಲ್ಕೂ ಬದಿಗೆ ಹೊಡೆದೆ. ಬೆಂಗಳೂರಿನಿಂದ ಬಂದಿದ್ದ ಹುಡುಗಿಯೊಬ್ಬಳು ಆನೆ ಕಟ್ಟುತ್ತೀರಾ ಎಂದು ಕೇಳಿದಳು. ಹೌದು ಎಂದೆ. ಹತ್ತು ನಿಮಿಷ ಬಿಟ್ಟು ಅವಳೇ ಬಂದು, ನಮ್ಮದನ್ನೂ ಒಮ್ಮೆ ನೋಡುತ್ತೀರಾ ಎಂದಳು. ನೋಡಿದೆ. ಮೂಡುಬದಿಯ ಗೂಟ ಕೈಯಲ್ಲೇ ಎದ್ದು ಬಂತು. ಕತ್ತಲಾಗುವ ಮೊದಲು ಒಂಬತ್ತು ಟೆಂಟುಗಳ ಗೂಟ ಮತ್ತೆ ಹೊಡೆಸಿದೆ, ಬಾಗಿಲು ಎಲ್ಲಿದೆ ಎಂದು ಕಣ್ಣುಮುಚ್ಚಿ ತೋರಿಸಿ ಎಂದು ಒಬ್ಬೊಬ್ಬರನ್ನೂ ಪೀಡಿಸಿದೆ. ಕೆಲವರು ನಕ್ಕರು. ನಗಲಿ.

ಆ ರಾತ್ರಿಯ ಹಾಡುಗಳು ಮುಗಿದ ಮೇಲೆ ಬಂದು ಮೂವರೂ ಮಲಗಿದೆವು. ತಂಗಿಯನ್ನು ಐದಕ್ಕೆ ಎಬ್ಬಿಸುವ ಜವಾಬ್ದಾರಿ ನನ್ನದು. ಹೇಗೂ ನನಗೆ ನಿದ್ದೆ ಬರುವುದಿಲ್ಲವಲ್ಲ ಎಂದು ನಾನೇ ವಹಿಸಿಕೊಂಡಿದ್ದೆ. ಬೆರಳನ್ನು ಕೆಂಪು ಕುಣಿಕೆಯಲ್ಲಿ ತೂರಿಸಿ ಮಲಗಿದ್ದು ನೆನಪಿದೆ.

ಆಮೇಲೆ ನೆನಪಿರುವುದು ಬೆಳಕು. ಬೂದುಬಟ್ಟೆಯೆಲ್ಲ ತಿಳಿಹಳದಿಯಾಗಿತ್ತು. ದೂರದಲ್ಲಿ ಯಾರೋ ಹಾಡುತ್ತಿದ್ದರು. ಎಷ್ಟು ಚೆನ್ನಾಗಿ ಹಾಡುತ್ತಾರೆ, ಯಾರಿರಬಹುದು ಎಂದು ಮಲಗಿದಲ್ಲೇ ಯೋಚಿಸಿ, ಧ್ವನಿಯ ಗುರುತು ಹತ್ತಿ ಎದ್ದು ಕೂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆರಳು ಇನ್ನೂ ಕುಣಿಕೆಯಲ್ಲೇ ಇತ್ತು, ಅಮ್ಮ ಮತ್ತು ತಂಗಿ ಇನ್ನೊಂದು ಬಾಗಿಲಿನಿಂದ ಹೋಗಿದ್ದರು.

ಹೊರಗೆ ಅಮ್ಮ ಗದ್ದೆಯ ಅಂಚಿನ ಮೇಲೆ ಕೂತು ವೇದಿಕೆಯ ಕಡೆ ನೋಡುತ್ತಿದ್ದರು. ಗದ್ದೆಯ ಮಣ್ಣು ಒದ್ದೆಯಿತ್ತು. ಎದುರಿನ ಸಾಲಿನಲ್ಲಿ ಎರಡು ಟೆಂಟುಗಳು ಮಲಗಿಬಿಟ್ಟಿದ್ದವು, ಅವರ ಜನ ಬಟ್ಟೆ ಹಿಂಡಿಕೊಳ್ಳುತ್ತಿದ್ದರು. ಎಬ್ಬಿಸಲಿಲ್ಲ ಏಕೆ, ಮೊದಲ ಹಾಡು ತಪ್ಪಿಹೋಯಿತಲ್ಲ ಎಂದು ನಾನು ಸಿಟ್ಟುಮಾಡಿದೆ.

"ಎರಡ್ ಹಾಡ್ ಹೋಯ್ತ್," ಎಂದರು ಅಮ್ಮ, ತಲೆ ತಿರುಗಿಸದೆ. "ರಾತ್ರಿ ಮೂಡ್ ಗಾಳಿ ಬಂದಿತ್, ಮಳೆಯೂ ಬಂತ್. ನಾವಿಬ್ರೂ ಎದ್ದ್ ಕೂಕಂಡಿತ್. ನಿಂಗ್ ಗೊತ್ತೇ ಆಯ್ಲಿಲ್ಲ."

ನಾನು ಅವರ ಪಕ್ಕದಲ್ಲಿ ಕೂತು ಉಳಿದದ್ದನ್ನು ಕೇಳಿದೆ.